ಐಗಳಿಯ ಗಿರಿಜವ್ವ ಮತ್ತು ಸೊಸೆಯ ಎರಡು ಕ್ರೀಮು

ಐಗಳಿಯಲ್ಲಿ ಗಿರಿಜವ್ವನ ಹೆಸರು ತೆಗೆದರೆ ಜನ ಮೊದಲು ನಗುತ್ತಾರೆ, ಆಮೇಲೆ ಆಕೆ ಹಿಂದೆಯೇ ನಿಂತಿದ್ದಾಳೋ ಏನೋ ಎಂದು ತಿರುಗಿ ನೋಡುತ್ತಾರೆ. ಅಂಥ ಸಂಶಯದ ಹೆಂಗಸು ಅಥಣಿ ತಾಲೂಕಿನಲ್ಲೇ ಇನ್ನೊಬ್ಬಳಿಲ್ಲ. ಬದನೆಕಾಯಿ ಕೊಳ್ಳುವ ಮೊದಲು ಒಂದನ್ನು ಅಲ್ಲೇ ಮುರಿದು ಹುಳ ಹುಡುಕಬೇಕು. ಗಿರಣಿಯಲ್ಲಿ ತನ್ನ ಜೋಳ ಬೀಸಿ ಮುಗಿಯುವವರೆಗೆ ಕಣ್ಣು ಆಚೀಚೆ ಹೋಗಬಾರದು. ಲಗ್ನದ ದಿನ ಲಗಮಣ್ಣ ತಾಳಿ ಕಟ್ಟಿದ ಕೂಡಲೇ ಅದನ್ನು ಹಲ್ಲಿನಿಂದ ಕಚ್ಚಿ, ಬಂಗಾರವೋ ಹಿತ್ತಾಳೆಯೋ ಎಂದು ನೋಡಿದಳಂತೆ. ಈ ಮಾತು ಯಾರಾದರೂ ಎತ್ತಿದರೆ ಗಿರಿಜವ್ವ ಈಗಲೂ ಕೆಂಡವಾಗುತ್ತಾಳೆ.

"ಸುಳ್ಳ! ಎಲ್ಲಾರ ಮುಂದ ಯಾರರ ಕಚ್ಚತಾರೇನು? ಒಳಗ ಹೋಗಿ ಬಾಗಲಾ ಹಾಕ್ಕೊಂಡ ಕಚ್ಚೀನಿ."

ನಗುವವರು ನಗಲಿ, ಆಕೆಯ ಸಂಶಯ ಒಮ್ಮೆ ಮನೆ ಉಳಿಸಿದ್ದೂ ಸುಳ್ಳಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಯಾವನೋ ಒಬ್ಬ ಜೀಪಿನಲ್ಲಿ ಬಂದು, ದ್ರಾಕ್ಷಿ ಬಳ್ಳಿಯ ರೋಗಕ್ಕೆ ಇದೇ ರಾಮಬಾಣ ಎಂದು ಅಗ್ಗದಲ್ಲಿ ಔಷಧ ಮಾರಿದ. ಊರಿಗೆ ಊರೇ ಮುಗಿಬಿತ್ತು. ಗಿರಿಜವ್ವ ಮಾತ್ರ ತೋಟದ ಅಂಚಿನ ಒಂದೇ ಬಳ್ಳಿಗೆ ಹೊಡೆಸಿ, ಗಂಡನ ಬೆನ್ನಿನಿಂದ ಪಂಪು ಇಳಿಸಿಟ್ಟು, ನೋಡೋಣ ಎಂದು ಕೂತಳು. ವಾರದೊಳಗೆ ಆ ಬಳ್ಳಿಯ ಎಲೆ ಸುಟ್ಟು ಉದುರಿತು. ಸುತ್ತಲಿನ ತೋಟಗಳೂ ಬೋಳಾದವು, ಇವರದೊಂದು ಉಳಿಯಿತು. ಅಂದಿನಿಂದ ಹೊಸ ಔಷಧ ಯಾವುದೇ ಬರಲಿ, ಮೊದಲು ಅಂಚಿನ ಬಳ್ಳಿಗೆ ಹೊಡೆಯುವುದು ಆ ಮನೆಯ ಪದ್ಧತಿಯಾಯಿತು. ಗಿರಿಜವ್ವನಿಗೆ ಎದುರು ಮಾತಾಡುವವರು ಯಾರೂ ಉಳಿಯಲಿಲ್ಲ. ಆಕೆ ಕೆಟ್ಟದ್ದು ಅಲ್ಲೇ ನೋಡಿ. ಒಂದು ಸಂಶಯ ನಿಜವಾದದ್ದೇ ತಡ, ಉಳಿದವೂ ನಿಜವೇ ಇರಬೇಕೆಂದು ಆಕೆ ತಿಳಿದುಬಿಟ್ಟಳು.

ಇಂಥ ಗಿರಿಜವ್ವನಿಗೆ ೨೦೧೮ರ ಸಂಕ್ರಾಂತಿಗೆ ಮುಂಚೆ ಒಂದು ಪೆಟ್ಟು ಬಿತ್ತು. ಗಂಡನ ಜೊತೆ ಅಥಣಿಗೆ ಸೀರೆ ತರಲು ಹೋಗಿದ್ದಳು. ಅಂಗಡಿಯವನು ಗಾದಿಯ ಮೇಲೆ ಸೀರೆ ಹರವುತ್ತ ಲಗಮಣ್ಣನನ್ನು ಕೇಳಿದ: "ಅಣ್ಣಾರ, ನಿಮ್ಮ ಅವ್ವಾರಿಗೆ ತಿಳಿ ಬಣ್ಣದ್ದು ತೋರಸ್ಲೇನ್ರಿ?"

ಲಗಮಣ್ಣ ಆಕೆಗಿಂತ ಆರು ವರ್ಷ ಹಿರಿಯ. ಆದರೆ ಮೀಸೆಗೆ ಕಪ್ಪು ಹಚ್ಚುತ್ತಿದ್ದ, ತಲೆಯ ಮೇಲೆ ಸದಾ ಟೋಪಿ, ದಿನದ ಅರ್ಧ ಹೊತ್ತು ಸೊಸೈಟಿಯ ಕಟ್ಟೆಯ ನೆರಳಿನಲ್ಲಿ. ತೋಟದ ಬಿಸಿಲು, ಒಣದ್ರಾಕ್ಷಿ ಶೆಡ್ಡಿನ ಬಿಸಿಲು, ಎಲ್ಲ ಈಕೆಯ ಮುಖದ ಮೇಲೆ. ಅಂಗಡಿಯವನ ಮಾತು ಹೋಗಲಿ, ಅವನಿಗೇನು ಗೊತ್ತು. ಗಂಡ ಅದನ್ನು ತಿದ್ದಲಿಲ್ಲ, ಮೀಸೆಯ ಕೆಳಗೆ ನಕ್ಕ! ಅದು ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಮನೆಗೆ ಬಂದು ಕನ್ನಡಿ ಹಿಡಿದಳು. ಕಣ್ಣಿನ ಕೆಳಗೆ, ಬಾಯಿಯ ಎರಡೂ ಕಡೆ, ಕುತ್ತಿಗೆಯಲ್ಲಿ ಸುಕ್ಕು. ತಾನೇ ಒಣಗಿಸಿ ಚೀಲ ತುಂಬಿದ ಮಣೂಕದ, ಆ ಒಣದ್ರಾಕ್ಷಿಯ ಹಾಗೆ ಕಂಡಳು. ಅಯ್ಯ ಶಿವನೇ, ಇದು ಯಾವಾಗ ಆಯಿತು ಎಂದು ಆಕೆಗೆ ಅಳು ಬಂತು.

ಇಲ್ಲಿ ಆ ಮನೆಯ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಗಿರಿಜವ್ವನಿಗೆ ಗೊತ್ತಿರಲಿಲ್ಲ, ನಿಮಗೆ ಗೊತ್ತಿರಲಿ. ಸೊಸೆ ದೀಪಾಲಿ ಬಸುರಿಯಾಗಿದ್ದಳು.

ದೀಪಾಲಿ ನಿಪ್ಪಾಣಿಯ ಹುಡುಗಿ. ಮದುವೆಗೆ ಮುಂಚೆಯೇ ಬ್ಯೂಟಿ ಪಾರ್ಲರಿನ ಕೆಲಸ ಕಲಿತವಳು, ಇಲ್ಲಿಯೂ ಮನೆಯ ಮುಂದಿನ ಕೋಣೆಯಲ್ಲಿ ಕನ್ನಡಿ, ಕುರ್ಚಿ ಹಾಕಿಕೊಂಡು ಊರ ಹೆಂಗಸರ ಹುಬ್ಬು ತೀಡುತ್ತಿದ್ದಳು. ಎರಡು ವರ್ಷದ ಹಿಂದೆ ಆಕೆಗೆ ಒಮ್ಮೆ ಬಸುರು ನಿಂತು, ಮೂರು ತಿಂಗಳು ತುಂಬುವುದರೊಳಗೆ ಹೋಗಿತ್ತು. ಹುಡುಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಗ ಗಿರಿಜವ್ವ ಗಿರಣಿಯಲ್ಲಿ ನಿಂತು ಹೇಳಿದ್ದಳು: "ತಾನ ಹೋಗೂದಿಲ್ಲವಾ ಅದು. ಮೈ ಕೆಡತೈತಂತ ಗುಳಿಗಿ ನುಂಗಿರಬೇಕ." ಆ ಮಾತು ಊರೆಲ್ಲ ಸುತ್ತಿ, ಕೊನೆಗೆ ಹುಬ್ಬು ತೀಡಿಸಿಕೊಳ್ಳಲು ಬಂದ ಒಬ್ಬಳ ಬಾಯಿಂದ ದೀಪಾಲಿಯ ಕಿವಿಗೇ ಬಿತ್ತು. ದಾರ ಹಿಡಿದ ಆಕೆಯ ಕೈ ಅಲ್ಲೇ ನಿಂತಿತು. ಅತ್ತೆಯನ್ನು ಆಕೆ ಏನೂ ಕೇಳಲಿಲ್ಲ. ಈ ಸಲ ಮಾತ್ರ ದೀಪಾಲಿ, ಅವಳ ಗಂಡ ವಿಶಾಲ, ಮಾವ ಲಗಮಣ್ಣ ಮೂವರೂ ಕೂಡಿ, ಹೊಟ್ಟೆ ತಾನಾಗಿ ಕಾಣುವವರೆಗೂ ಗಿರಿಜವ್ವನಿಗೆ ಹೇಳಕೂಡದು ಎಂದು ಮಾತು ಮಾಡಿಕೊಂಡಿದ್ದರು.

ದೀಪಾಲಿ ವರ್ಷಗಟ್ಟಲೆ ಮುಖಕ್ಕೆ ರೆಟಿನಾಲ್ ಎಂಬ ಕ್ರೀಮು ಹಚ್ಚುತ್ತಿದ್ದಳು. ಬಸುರು ನಿಂತಿತೆಂದು ತಿಳಿದ ದಿನ ಡಾಕ್ಟರು, ಅದನ್ನು ಬಿಡು ಎಂದರು. ಆಕೆ ಆ ಟ್ಯೂಬನ್ನು ಕಪಾಟಿನ ಹಿಂದಕ್ಕೆ ತಳ್ಳಿ, ಪೆಪ್ಟೈಡ್ ಎಂಬ ಇನ್ನೊಂದನ್ನು ಬಿಳಿ ಡಬ್ಬಿಯಲ್ಲಿ ತರಿಸಿಕೊಂಡಳು. ಇಷ್ಟೇ ನಡೆದದ್ದು. ಆದರೆ ಕಪಾಟಿನೊಳಗೆ ಒಂದು ಟ್ಯೂಬು ಮುಂದಿನಿಂದ ಹಿಂದಕ್ಕೆ ಹೋದರೆ ಗಿರಿಜವ್ವನ ಕಣ್ಣಿಗೆ ಬೀಳದೇ ಇರುತ್ತದೆಯೇ? ಹಳೆಯದನ್ನು ಯಾಕೆ ಬಚ್ಚಿಟ್ಟಳು? ಹೊಸದು ಯಾಕೆ ಬಂತು? ಫೋನಿನಲ್ಲಿ ನಿಪ್ಪಾಣಿಯ ತಾಯಿಯ ಜೊತೆ ಮಾತಾಡುವಾಗ ಯಾಕೆ ಪಿಸುಗುಡುತ್ತಾಳೆ? ಕನ್ನಡ, ಮರಾಠಿ ಎರಡೂ ಎಲ್ಲರಿಗೂ ಬರುವ ಮನೆಯಲ್ಲಿ ಗುಟ್ಟು ಹೇಳಲು ಪಿಸುಮಾತಲ್ಲದೆ ಬೇರೆ ದಾರಿ ಇರಲಿಲ್ಲ, ಪಾಪ.

ಸೊಸೆಯ ಹತ್ತಿರ ಕ್ರೀಮು ಕೇಳಲು ಗಿರಿಜವ್ವನಿಗೆ ಬಾಯಿ ಬರಲೊಲ್ಲದು. ಇಷ್ಟು ದಿನ "ಟ್ರ್ಯಾಕ್ಟರಿಗೆ ಗ್ರೀಸ್ ಹಚ್ಚಿದಂಗ ಮಾರಿಗೆ ಹಚ್ಕೋತಾಳ" ಎಂದು ಆಡಿಕೊಂಡವಳು ಈಗ ಹೇಗೆ ಕೇಳಬೇಕು? ಅದಕ್ಕೆ ನೆರೆಮನೆಯ ರಾಜಮತಿಯನ್ನು ನಡುವೆ ಎಳೆದಳು.

"ಏ ದೀಪಾಲಿ, ಆ ರಾಜಮತಿ ಕೇಳಾಕತ್ತಿದ್ಲ. ಮಾರಿ ಸುಕ್ಕ ಬಿದ್ದೈತಂತ ಆಕಿದು. ಏನರ ಹಚ್ಚೂದು ಇರತೈತೇನ ಅಂತ."

ದೀಪಾಲಿ ಅತ್ತೆಯ ಮುಖ ನೋಡಿದಳು. ರಾಜಮತಿಯ ಕೆನ್ನೆ ಇನ್ನೂ ಗಟ್ಟಿಯಾಗಿರುವುದು ಆಕೆಗೂ ಗೊತ್ತು. ಆದರೂ ನಗು ನುಂಗಿಕೊಂಡು ಟ್ಯೂಬು, ಡಬ್ಬಿ ಎರಡನ್ನೂ ತಂದು ಮುಂದಿಟ್ಟಳು.

"ಎರಡು ನಮೂನಿ ಅದಾವ್ರಿ ಅತ್ತಿ. ಈ ಟ್ಯೂಬಿನ್ಯಾಗಿಂದು ರೆಟಿನಾಲ್. ಇದು ಲಗೂ ಕೆಲಸ ಮಾಡತೈತಿ, ಖರೆ ಭಾಳ ಕಡಕ್. ರಾತ್ರಿ ಅಷ್ಟ ಹಚ್ಕೋಬೇಕು, ಅದೂ ಶೇಂಗಾ ಕಾಳಿನಷ್ಟ, ದಿನಾ ಅಲ್ಲ, ಒಂದ ದಿನ ಬಿಟ್ಟ ಒಂದ ದಿನ. ಬಿಸಿಲಿಗಿ ಮಾರಿ ಒಡ್ಡಬಾರದು. ಈ ಡಬ್ಬಿದು ಪೆಪ್ಟೈಡ್. ಇದು ನಿಧಾನ, ಆದ್ರ ಸೌಮ್ಯ. ಹಗಲಿನ್ಯಾಗೂ ನಡೀತೈತಿ. ಬಿಸಿಲಾಗ ದುಡಿಯೋರಿಗೆ ಇದ ಚಲೋರಿ. ಆ ರಾಜಮತಿ ಅಕ್ಕಾರಿಗೆ ಇದನ್ನ ಕೊಡ್ರಿ."

"ನೀ ಯಾವದ ಹಚ್ಕೋತಿ?"

"ಈಗ ಪೆಪ್ಟೈಡರಿ."

"ಹ್ವಾದ ವರ್ಷ ಈ ಟ್ಯೂಬ ಹಚ್ಕೋತಿದ್ದೆಲ್ಲ? ಯಾಕ ಬಿಟ್ಟಿ?"

ದೀಪಾಲಿಯ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು. "ಸುಮ್ನರಿ," ಎಂದಳು.

ಸುಮ್ಮನೆ! ಗಿರಿಜವ್ವನ ಕಿವಿ ನಿಮಿರಿದವು. ಲೋಕದಲ್ಲಿ ಯಾರೂ ಏನನ್ನೂ ಸುಮ್ಮನೆ ಬಿಡುವುದಿಲ್ಲ ಎಂಬುದು ಆಕೆಯ ವೇದ. ಸೊಸೆ ಡಬ್ಬಿಯನ್ನೇ ಮತ್ತೆ ಮತ್ತೆ ಮುಂದೆ ತಳ್ಳಿದ್ದನ್ನೂ ಆಕೆ ನೋಡಿದ್ದಳು. ಸಂತೆಯಲ್ಲಿ ಮಾರುವವಳು ಯಾವ ಬುಟ್ಟಿಯನ್ನು ಮುಂದಕ್ಕೆ ತಳ್ಳುತ್ತಾಳೋ ಅದರಲ್ಲೇ ಹುಳುಕು ಇರುವುದು. ಒಳ್ಳೆಯದನ್ನು ತನಗಿಟ್ಟುಕೊಂಡು ನಿಧಾನದ್ದನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಎಂದು ಲೆಕ್ಕ ಹಾಕಿ, ಟ್ಯೂಬನ್ನು ಸೆರಗಿನ ಗಂಟಿಗೆ ಸೇರಿಸಿದಳು.

"ರಾಜಮತಿ ಲಗೂ ಆಗೂದ ಬೇಕ ಅಂದಾಳ," ಎಂದು ಎದ್ದಳು.

"ಅತ್ತಿ, ರಾತ್ರಿ ಅಷ್ಟರಿ! ಬಿಸಿಲಿಗಿ ಬ್ಯಾಡ ಅನ್ರಿ ಅಕ್ಕಾರಿಗೆ!" ದೀಪಾಲಿ ಬಾಗಿಲವರೆಗೂ ಬಂದು ಕೂಗಿದಳು.

ರಾತ್ರಿ ಮಾತ್ರ ಯಾಕೆ? ಗಿರಿಜವ್ವ ಇದನ್ನು ಬಹಳ ಯೋಚಿಸಿದಳು. ಬೆಳಕಿನಲ್ಲಿ ಮಾಡಬಾರದ ಕೆಲಸ ಕಳ್ಳರದು. ದ್ರಾಕ್ಷಿಗೆ ಯಾರಾದರೂ ನಡುರಾತ್ರಿ ಔಷಧ ಹೊಡೆಯುತ್ತಾರೆಯೇ? ಬೆಳಗಿನ ತಂಪಿನಲ್ಲಿ ಹೊಡೆದರೆ ಮೇಲೆ ಬಿಸಿಲು ಬಿದ್ದು ಎಲೆಗೆ ಅಂಟಿಕೊಳ್ಳುತ್ತದೆ, ಮೂವತ್ತು ವರ್ಷ ಆಕೆ ಕಣ್ಣಾರೆ ಕಂಡದ್ದು ಅದನ್ನೇ. ರಾತ್ರಿ ಹಚ್ಚು ಎಂದರೆ ಕೆಲಸ ಆಗದಿರಲಿ ಎಂದೇ ಹೇಳಿದ್ದಾಳೆ. ಶೇಂಗಾ ಕಾಳಿನಷ್ಟು ಎಂದದ್ದು ಬರೀ ಜಿಪುಣತನ. ಹೀಗೆಲ್ಲ ತರ್ಕ ಮಾಡಿ ಗಿರಿಜವ್ವ ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು, ಬೆರಳಿನ ತುಂಬ ಕ್ರೀಮು ತೆಗೆದು, ಹಣೆ ಕೆನ್ನೆ ಕುತ್ತಿಗೆಗೆ ಬಳಿದುಕೊಂಡು ಶೆಡ್ಡಿಗೆ ಹೋಗತೊಡಗಿದಳು. ಫೆಬ್ರವರಿಯ ಬಿಸಿಲು. ದ್ರಾಕ್ಷಿಗೊನೆ ಅದ್ದುವುದು, ಜಾಳಿಗೆಯ ಮೇಲೆ ಒಣಗಲು ಹರವುವುದು, ಹೊರಳಿಸುವುದು. ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ.

ಮೊದಲು ಕೆನ್ನೆ ಚುರುಗುಟ್ಟಿತು. ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟಳು. ಆಮೇಲೆ ಕೆಂಪಾಯಿತು. ವಾರ ಕಳೆಯುವಷ್ಟರಲ್ಲಿ ಮೂಗಿನ ಪಕ್ಕ ಸಿಪ್ಪೆ ಏಳತೊಡಗಿ, ಉಪ್ಪಿನಕಾಯಿ ತಿಂದರೆ ತುಟಿಯ ಅಂಚು ಉರಿಯತೊಡಗಿತು. ಲಗಮಣ್ಣ ಊಟಕ್ಕೆ ಕೂತವನು ನೋಡಿ, "ಮಾರಿಗೆ ಏನಾತ ಗಿರಿಜಾ?" ಎಂದರೆ, "ಬಿಸಿಲಿನ್ಯಾಗ ದುಡದ್ರ ಆಗೂದ ಹಿಂಗ. ಕಟ್ಟಿ ಮ್ಯಾಲ ಕುಂತೋರಿಗೆ ಏನ ಗೊತ್ತ," ಎಂದು ಬಾಯಿ ಮುಚ್ಚಿಸಿದಳು.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಗೊನೆಗಳನ್ನು ಅದ್ದುತ್ತಿದ್ದಾಗ ಆಕೆಗೆ ಥಟ್ಟನೆ ಹೊಳೆಯಿತು. ದ್ರಾಕ್ಷಿಯನ್ನು ಒಣಗಿಸುವ ಮೊದಲು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆ ಸಡಿಲಾಗಿ ಒಳಗಿನ ರಸ ಬೇಗ ಆರಿ, ಹಣ್ಣು ಸುಕ್ಕುಗಟ್ಟಿ ಮಣೂಕವಾಗಬೇಕಲ್ಲ, ಅದಕ್ಕೆ. ಅದ್ದದೇ ಇಟ್ಟ ದ್ರಾಕ್ಷಿ ಎಷ್ಟೋ ದಿನ ಹಾಗೇ ಇರುತ್ತದೆ. ಗಿರಿಜವ್ವ ಒದ್ದೆ ಕೈಯಿಂದಲೇ ಕೆನ್ನೆ ಮುಟ್ಟಿಕೊಂಡಳು. ಸಿಪ್ಪೆ ಎದ್ದ ತನ್ನ ಚರ್ಮ! ಅಬ್ಬಾ ಹಡೆದವ್ವಾ, ಇದೂ ಡಿಪ್ಪಿಂಗೇ! ತನ್ನನ್ನು ಅದ್ದಿ ಒಣಗಿಸಲಿಕ್ಕೇ ಸೊಸೆ ಈ ಟ್ಯೂಬು ಕೊಟ್ಟಿದ್ದಾಳೆ!

ಕೊಟ್ಟಿದ್ದಲ್ಲ, ನೀನೇ ತೆಗೆದುಕೊಂಡೆಯಲ್ಲ ಎಂದು ನೀವು ಕೇಳಬಹುದು. ಆಕೆಯೂ ಕೇಳಿಕೊಂಡಳು. ಅದಕ್ಕೂ ಉತ್ತರ ಸಿದ್ಧವಿತ್ತು. ತಾನು ಮುಂದೆ ತಳ್ಳಿದ್ದನ್ನು ಅತ್ತೆ ಮುಟ್ಟುವುದಿಲ್ಲ ಎಂದು ದೀಪಾಲಿಗೆ ಗೊತ್ತಿತ್ತು, ಅದಕ್ಕೇ ಡಬ್ಬಿಯನ್ನು ಮುಂದೆ ತಳ್ಳಿದಳು. ತಾನು ಯಾಕೆ ಬಿಟ್ಟೆ ಎಂದು ಹೇಳಲಿಲ್ಲ. ಸುಟ್ಟುಕೊಂಡೇ ಬಿಟ್ಟಿರಬೇಕು, ಬಾಯಿ ಬಿಡಲಿಲ್ಲ. ಇಂಥ ತಲೆಗೆ ಏನು ಔಷಧ ಹೇಳುತ್ತೀರಿ?

ಬೇರೆ ಅತ್ತೆಯಾಗಿದ್ದರೆ ಅಂಗಳದಲ್ಲಿ ನಿಂತು ಜಗಳ ತೆಗೆಯುತ್ತಿದ್ದಳು. ಅದು ಒಳ್ಳೆಯದಿತ್ತು. ಗಿರಿಜವ್ವನಿಗೆ ಜಗಳ ಬೇಡ, ಪುರಾವೆ ಬೇಕು. ಹೊಸ ಔಷಧವನ್ನು ಅಂಚಿನ ಬಳ್ಳಿಗೆ ಹೊಡೆದು ನೋಡಬೇಕು, ಅದು ಮನೆಯ ಪದ್ಧತಿ. ಮಾರನೆಯ ದಿನ ದೀಪಾಲಿ ಹಿತ್ತಲಿನಲ್ಲಿ ಬಟ್ಟೆ ಒಗೆಯುವಾಗ ಆಕೆ ಕೋಣೆಗೆ ಹೋದಳು. ಬಿಳಿ ಡಬ್ಬಿಯಿಂದ ಒಂದಿಷ್ಟು ಪೆಪ್ಟೈಡನ್ನು ತನ್ನ ಖಾಲಿ ಕುಂಕುಮದ ಭರಣಿಗೆ ತುಂಬಿಕೊಂಡಳು. ಆ ಜಾಗಕ್ಕೆ ಟ್ಯೂಬಿನಲ್ಲಿ ಉಳಿದ ರೆಟಿನಾಲನ್ನೆಲ್ಲ ಹಿಂಡಿ, ತಲೆಯ ಪಿನ್ನಿನಿಂದ ಚೆನ್ನಾಗಿ ಕಲೆಸಿ, ಮೇಲೆ ಸವರಿ ಮುಚ್ಚಳ ಹಾಕಿದಳು. ಸೊಸೆಯ ಮುಖವೂ ಸುಟ್ಟರೆ ಆಗ ನಾಲ್ಕು ಜನರ ಮುಂದೆ ಕೇಳೋಣ, ಈಗ ಹ್ಯಾಂಗೈತಿ ಎಂದು. ಹೊರಗೆ ಬಂದು ಬಿಂದಿಗೆ ಎತ್ತಿ ನೀರು ಕುಡಿದಳು. ತಪ್ಪು ಮಾಡಿದೆ ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಆಮೇಲೆ ದಿನವೂ ಸೊಸೆಯ ಮುಖ ಕಾಯತೊಡಗಿದಳು. ರೊಟ್ಟಿ ಬಡಿಯುವಾಗ ಒಲೆಯ ಬೆಳಕಿನಲ್ಲಿ ನೋಡಿದಳು, ಅಂಗಳ ಸಾರಿಸುವಾಗ ಓರೆಗಣ್ಣಿನಲ್ಲಿ ನೋಡಿದಳು. ದೀಪಾಲಿಯ ಕೆನ್ನೆ ತಿಳಿಯಾಗಿಯೇ ಇತ್ತು. ಸ್ವಲ್ಪ ಬಿಳಿಚಿಕೊಂಡಂತೆ ಇತ್ತು ಅಷ್ಟೆ, ಅತ್ತೆ ಹತ್ತಿರ ಬಂದರೆ ಎದ್ದು ಬೇರೆ ಕಡೆ ಹೋಗುತ್ತಿದ್ದಳು. ಹಾಗಾದರೆ ಈ ಹುಡುಗಿಗೆ ಯಾಕೆ ಸುಡಲಿಲ್ಲ? ಅದರಲ್ಲೂ ಏನೋ ಮಸಲತ್ತು ಇದೆ ಎಂದುಕೊಂಡಳು ಗಿರಿಜವ್ವ. ಅಷ್ಟರಲ್ಲಿ ಸುಟ್ಟ ಚರ್ಮಕ್ಕೆ ಮತ್ತೆ ಬಿಸಿಲು ಬಿದ್ದು ಆಕೆಯದೇ ಮುಖ ಬಾತು, ಒಂದು ಕಣ್ಣು ಅರ್ಧ ಮುಚ್ಚಿತು. ಲಗಮಣ್ಣ ಹೆದರಿ, ಹೇಳದೇ ಕೇಳದೇ ಬೈಕು ಹೊರಗೆ ತಂದು ನಿಲ್ಲಿಸಿದ.

"ಕುಂದರ ಗಿರಿಜಾ. ಮಿರಜದಿಂದ ಚರ್ಮದ ಡಾಕ್ಟರ ಅಥಣಿಗಿ ಬಂದಿರತಾರ ಇವತ್ತ."

ಡಾಕ್ಟರು ನಡುವಯಸ್ಸಿನ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು. "ಏನ ಹಚ್ಚೀರಿ ಅವ್ವಾರ?" ಎಂದರು. ಗಿರಿಜವ್ವ ಮೊದಲು ಏನೂ ಇಲ್ಲ ಎಂದಳು. ಡಾಕ್ಟರು ಇನ್ನೊಮ್ಮೆ ಕೇಳಿದ ಮೇಲೆ ಸೆರಗಿನಿಂದ ಹಿಂಡಿದ ಟ್ಯೂಬು ಹೊರಗೆ ಬಂತು.

"ಹಗಲಿನ್ಯಾಗ ಹಚ್ಕೊಂಡ ಬಿಸಿಲಿಗಿ ಹೋಗಿದ್ರೇನು? ಯಾರ ಹೇಳಿದ್ರ ನಿಮಗ?"

"ಯಾರೂ ಹೇಳಿಲ್ರಿ. ಸೊಸಿ ರಾತ್ರಿ ಅಂದಿದ್ಲ."

"ಮತ್ತ ಸರಿಯಾಗೇ ಹೇಳ್ಯಾಳಲ್ಲ! ಇದು ಕೆಟ್ಟ ಔಷಧ ಅಲ್ರಿ, ಹಚ್ಚೂ ರೀತಿ ಕೆಟ್ಟರ ಹಿಂಗ ಆಗತೈತಿ. ಮೊದಲ ಕಿವಿ ಹಿಂದ ಒಂಚೂರ ಹಚ್ಚಿ ನೋಡಬೇಕು."

"ಪೆಪ್ಟೈಡ್ ಹಚ್ಕೋರಿ ಅಂತನೂ ಅಂದಿದ್ಲ," ಎಂದಳು ಗಿರಿಜವ್ವ. ಯಾಕೆ ಹೇಳಿದಳೋ ಆಕೆಗೇ ಗೊತ್ತಾಗಲಿಲ್ಲ.

"ನಿಮ್ಮಂಗ ಶೆಡ್ಡಿನ್ಯಾಗ ದುಡಿಯೋರಿಗೆ ನಾನೂ ಅದನ್ನ ಹೇಳತಿದ್ದೆ. ಮುಖಕ್ಕ ಬಟ್ಟಿ ಕಟ್ಕೊಳ್ರಿ ಅಂತಿದ್ದೆ. ನಿಮ್ಮ ಸೊಸಿ ಶಾಣ್ಯಾ ಅದಾಳ." ಡಾಕ್ಟರು ಚೀಟಿ ಬರೆಯುತ್ತ, ತಲೆ ಎತ್ತದೆ ಮುಂದುವರಿಸಿದರು: "ಇನ್ನೊಂದ ಮಾತರಿ. ಮನ್ಯಾಗ ಬಸುರಿ ಇದ್ರ ಇದನ್ನ ಆಕಿ ಕೈಗೆ ಸಿಗದಂಗ ಇಡ್ರಿ. ಬಸುರಿದ್ದಾಗ ಇದನ್ನ ಹಚ್ಚಬಾರದು."

"ಹಚ್ಚಿದ್ರ ಏನಾಗತೈತಿ?"

"ಮಾರಿಗೆ ಹಚ್ಚಿದ್ದು ಒಳಗ ಭಾಳ ಇಳಿಯೂದಿಲ್ಲ. ಖರೆ ಖಾತ್ರಿ ಯಾರೂ ಕೊಡೂದಿಲ್ರಿ. ಕೂಸಿನ ವಿಷಯದಾಗ ಖಾತ್ರಿ ಇಲ್ಲದ್ದ ಬ್ಯಾಡ ಅಂತೀವಿ."

ನಮ್ಮ ಮನೆಯಲ್ಲಿ ಬಸುರಿ ಯಾರೂ ಇಲ್ಲ ಎನ್ನಲು ಗಿರಿಜವ್ವ ಬಾಯಿ ತೆರೆದಳು. ಪಕ್ಕದಲ್ಲಿ ಗಂಡ ಟೋಪಿ ತೆಗೆದು ತಲೆ ಕೆರೆದು ಮತ್ತೆ ಟೋಪಿ ಹಾಕಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಥೇಟ್ ಹಾಗೆ. ಆಕೆ ಅವನನ್ನು ನೋಡಿದಳು, ಅವನು ಗೋಡೆ ನೋಡಿದ.

ಹೊರಗೆ ಬೈಕಿನ ಹತ್ತಿರ ಬಂದ ಕೂಡಲೇ ಅವನ ಅಂಗಿಯ ತೋಳು ಹಿಡಿದಳು. "ದೀಪಾಲಿ ಬಸುರಿ ಅದಾಳ?"

"ಹೂಂ."

"ಎಷ್ಟಾತ?"

"ಮೂರ ನಡದೈತಿ."

"ನಿಮಗ ಯಾರ ಹೇಳಿದ್ರ?"

"ವಿಶಾಲ ಹೇಳ್ಯಾನ." ಲಗಮಣ್ಣ ಮುಖ ಕೆಳಗೆ ಹಾಕಿದ. "ನಿನಗ ಹೇಳಬ್ಯಾಡ್ರಿ ಅಂದಾರ ಇಬ್ರೂ. ಹ್ವಾದ ಸಲ ಗಿರಣ್ಯಾಗ ಆಡಿದ್ದ ಮಾತ ಆಕಿಗಿ ತಿಳದೈತಿ ಗಿರಿಜಾ. ಗುಳಿಗಿ ನುಂಗ್ಯಾಳ ಅಂದಿದ್ದೆಲ್ಲ."

ಬೇರೆ ದಿನವಾಗಿದ್ದರೆ ಆ ರಸ್ತೆಯಲ್ಲೇ ಆಕೆ ಗಂಡನ ಗ್ರಹಚಾರ ಬಿಡಿಸುತ್ತಿದ್ದಳು. ತನ್ನ ಮನೆಯಲ್ಲೇ ತನಗೆ ಕದ್ದು ಇಷ್ಟು ದೊಡ್ಡ ಸುದ್ದಿ! ಆದರೆ ಈಗ ಆಕೆಯ ಕಣ್ಣ ಮುಂದೆ ಆ ಬಿಳಿ ಡಬ್ಬಿಯೊಂದೇ ಇತ್ತು. ಪಿನ್ನಿನಿಂದ ತಾನು ಕಲೆಸಿದ್ದು, ಮೇಲೆ ಸವರಿದ್ದು. ಅಂದಿನಿಂದ ಹುಡುಗಿ ದಿನಾ ಹಚ್ಚಿಕೊಂಡಿದ್ದರೆ? ಬೈಕಿನ ಸೀಟು ಹಿಡಿದಳು.

"ಗಾಡಿ ಜೋರ ಹೊಡೀರಿ," ಎಂದಳು. "ಏನೂ ಕೇಳಬ್ಯಾಡ್ರಿ. ಹೊಡೀರಿ."

ದಾರಿಯುದ್ದಕ್ಕೂ ಗಾಳಿ ಆಕೆಯ ಸುಟ್ಟ ಮುಖಕ್ಕೆ ರಾಚಿತು. ಸೆರಗು ಅಡ್ಡ ಹಿಡಿಯುವುದು ನೆನಪಾಗಲಿಲ್ಲ. ಎರಡೂ ಕಡೆ ದ್ರಾಕ್ಷಿ ತೋಟಗಳು, ಶೆಡ್ಡುಗಳು ಹಿಂದೆ ಸರಿದವು. ಡಾಕ್ಟರು ಒಳಗೆ ಇಳಿಯುವುದಿಲ್ಲ ಎಂದರು, ಆಮೇಲೆ ಖಾತ್ರಿ ಇಲ್ಲ ಎಂದರು. ಎಂಥ ಡಾಕ್ಟರು ಇವರು, ಒಂದು ಮಾತು ಹೇಳಬಾರದೇ ಎಂದು ಬೈದುಕೊಂಡಳು. ಈ ಸಲವೂ ಕೂಸು ಹೋದರೆ ಗಿರಣಿಯಲ್ಲಿ ನಿಂತು ಯಾರ ಹೆಸರು ಹೇಳಲಿ? ದೇವರೇ, ಆ ಮುಖ ಸುಡದಿದ್ದರೆ ಸಾಕು ಎಂದಿತು ಮನಸ್ಸು. ಅದು ಸುಡಲಿ ಎಂದು ಓರೆಗಣ್ಣಿನಲ್ಲಿ ಕಾದವಳೂ ತಾನೇ ಎಂದು ನೆನಪಾಗಿ, ಗಂಡನ ಬೆನ್ನಿಗೆ ಹಣೆ ಹಚ್ಚಿ ಅತ್ತಳು. ಲಗಮಣ್ಣ ಅದನ್ನು ಮುಖದ ಉರಿಗೆ ಎಂದು ತಿಳಿದ.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ದೀಪಾಲಿ ಕೋಣೆಯಲ್ಲಿ ಮಂಚದ ಮೇಲೆ ಬ್ಯಾಗು ಇಟ್ಟು ಸೀರೆ ಮಡಚಿ ತುಂಬುತ್ತಿದ್ದಳು. ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ, ನಾಳೆ ನಿಪ್ಪಾಣಿಗೆ ಹೋಗಬೇಕು ಎಂದು ಬೆಳಿಗ್ಗೆ ಹೇಳಿದ್ದಳು. ಗಿರಿಜವ್ವ ಚಪ್ಪಲಿ ಬಿಡದೆಯೇ ಹೊಸ್ತಿಲ ಮೇಲೆ ನಿಂತಳು.

"ಆ ಡಬ್ಬಿ ಎಲ್ಲೈತಿ?"

"ಯಾವದ್ರಿ?"

"ಬಿಳೇದು. ಮಾರಿಗೆ ಹಚ್ಕೊಳ್ಳೂದು. ಅದನ್ನ ಹಚ್ಕೋಬ್ಯಾಡ." ಗಿರಿಜವ್ವ ಕಪಾಟಿನ ಕಡೆ ಕೈ ಮಾಡಿದಳು. "ಅದರಾಗ ಆ ಟ್ಯೂಬಿಂದ ಕಲಿಸೀನಿ. ನಾನ. ನನ್ನ ಕೈಲೆ. ನನಗ ಗೊತ್ತಿರಲಿಲ್ಲ ಯವ್ವಾ, ನೀ ಹೊಟ್ಟೀಲೆ ಅದಿ ಅಂತ ನನಗ ಯಾರೂ ಹೇಳಲಿಲ್ಲ."

ದೀಪಾಲಿ ಬೆಚ್ಚಿ ಬೀಳಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಚಿ, ಬ್ಯಾಗಿನಲ್ಲಿಟ್ಟು, ಆಮೇಲೆ ಮುಖ ಎತ್ತಿದಳು.

"ಗೊತ್ತೈತ್ರಿ," ಎಂದಳು. "ಅವತ್ತ ಸಂಜಿಕನ ತಿಳೀತು. ಬಿಳೇ ಕ್ರೀಮ್ ಹಳದಿ ಆಗಿತ್ತು. ವಾಸನಿನೂ ಅದರದ. ಒಳಗಿಂದೆಲ್ಲಾ ತಿಪ್ಪಿಗಿ ಚೆಲ್ಲಿ, ಡಬ್ಬಿ ಇದ್ದಲ್ಲೇ ಇಟ್ನಿ."

"ಹಚ್ಕೊಂಡಿಲ್ಲ?"

"ಒಮ್ಮಿನೂ ಇಲ್ರಿ."

ಗಿರಿಜವ್ವ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಎರಡೂ ಕೈ ನೆಲಕ್ಕೆ ಹಚ್ಚಿ, ಹುಚ್ಚಿಯ ಹಾಗೆ ನಕ್ಕಳು, ಅತ್ತಳು. ಎದ್ದು ಸೊಸೆಯ ಕೆನ್ನೆ ಸವರಿ, ನೆಟಿಕೆ ಮುರಿದು ದೃಷ್ಟಿ ತೆಗೆಯಬೇಕೆನ್ನಿಸಿತು. ಆದರೆ ದೀಪಾಲಿ ಬ್ಯಾಗಿನ ಆಚೆ ಬದಿಗೇ ನಿಂತಿದ್ದಳು, ಈಚೆಗೆ ಬರಲಿಲ್ಲ.

"ಮತ್ತ ನನ್ನ ಯಾಕ ಕೇಳಲಿಲ್ಲ ನೀ? ನನ್ನ ತುರಬ ಹಿಡದ ಕೇಳಬೇಕಿಲ್ಲೇನ?"

"ಏನ ಕೇಳಲ್ರಿ? ಕೇಳಿದ್ರ ನನಗ ಸಂಶಯ ಅಂತಿದ್ರಿ." ಹುಡುಗಿ ಬ್ಯಾಗಿನ ಜಿಪ್ಪು ಎಳೆದಳು. "ನಿಮಗ ಹ್ಯಾಂಗರ ತಿಳದೈತಿ, ಅದಕ್ಕ ಬೇಕಂತಲೇ ಮಾಡ್ಯಾರ ಅಂತ ತಿಳದ್ನಿ. ಕೂಸ ಹೋಗಲಿ ಅಂತ. ಇವರಿಗೂ ಹೇಳಿಲ್ಲ, ಮನ್ಯಾಗ ಬೆಂಕಿ ಹತ್ತತೈತಂತ. ಸುಮ್ನ ನಿಪ್ಪಾಣಿಗಿ ನಮ್ಮ ಅವ್ವನ ಕಡೆ ಹೋಗಬೇಕಂದ್ನಿ. ಹಡದ ಮ್ಯಾಲೂ ಬರಬಾರದ ಅಂದ್ನಿ."

"ಯವ್ವಾ, ನಾ ಅಂಥಾಕಿ ಅಲ್ಲ..."

"ಅತ್ತಿ, ಒಂದ ಹೇಳತೀನಿ. ಅವತ್ತಿನಿಂದ ನಿಮ್ಮ ಕೈಯಾನ ಹಾಲ ನಾ ಕುಡದಿಲ್ರಿ. ದಿನಾ ಮೋರಿಗೆ ಚೆಲ್ಲೀನಿ."

ಸೊಸೆಗೆ ಗಿರಿಜವ್ವ ಏನೆಲ್ಲ ಅಂದಿದ್ದಳೋ, ಆದರೆ ಮದುವೆಯಾಗಿ ಬಂದ ದಿನದಿಂದ ಸಂಜೆ ಎಮ್ಮೆ ಹಿಂಡಿದ ಕೂಡಲೇ ಒಂದು ಲೋಟ ಬಿಸಿ ಹಾಲು ತಾನೇ ಕಾಸಿ ಆಕೆಯ ಕೈಗೆ ಕೊಡುವುದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಅದರಲ್ಲಿ ಸಂಶಯವೂ ಇರಲಿಲ್ಲ, ಹಿಂದು ಮುಂದು ಯೋಚನೆಯೂ ಇರಲಿಲ್ಲ. ನಾನೇನು ವಿಷ ಹಾಕುವವಳೇ ಎಂದು ಕೂಗಲು ಬಾಯಿಗೆ ಬಂತು. ಡಬ್ಬಿಯಲ್ಲಿ ಕಲೆಸಿದ್ದೂ ಇದೇ ಕೈ. ಕೂಗಲಿಲ್ಲ.

ಆಕೆ ಎದ್ದು ಅಡುಗೆಮನೆಗೆ ಹೋದಳು. ಹೊರಗೆ ವಿಶಾಲ ಎಮ್ಮೆ ಹಿಂಡಿ ಚರಿಗೆ ತಂದಿಟ್ಟಿದ್ದ. ಹಾಲು ಕಾಸಿದಳು, ಉಕ್ಕುವ ಮೊದಲೇ ಇಳಿಸಿದಳು, ಲೋಟಕ್ಕೆ ಸುರಿದಳು. ಬೇರೆ ದಿನ ಕಟ್ಟೆಯ ಮೇಲಿಟ್ಟು, "ಕುಡಿ, ಆರತೈತಿ," ಎಂದು ಕೂಗಿ ಹೋಗುತ್ತಿದ್ದಳು. ಇಂದು ತಾನೇ ಹಿಡಿದುಕೊಂಡು ಕೋಣೆಗೆ ಬಂದಳು. ಸೊಸೆಯ ಎದುರಿಗೆ ನಿಂತು, ಲೋಟವನ್ನು ತನ್ನ ಸುಟ್ಟ ತುಟಿಗೆ ಹಚ್ಚಿ ಒಂದು ಗುಟುಕು ಕುಡಿದಳು. ಬಿಸಿಗೆ ಕಣ್ಣಲ್ಲಿ ನೀರು ಬಂತು. ಲೋಟವನ್ನು ಮುಂದೆ ಚಾಚಿದಳು.

ದೀಪಾಲಿ ಲೋಟ ನೋಡಿದಳು. ಅತ್ತೆಯ ಮುಖ ನೋಡಿದಳು. ಕೈ ಹೊಟ್ಟೆಯ ಮೇಲೇ ಇತ್ತು.

"ಇನ್ನೊಂದ ಗುಟುಕ ಕುಡೀರಿ," ಎಂದಳು.

ಗಿರಿಜವ್ವ ಇನ್ನೊಂದು ಗುಟುಕು ಕುಡಿದಳು. ದೀಪಾಲಿ ಮಂಚದ ಅಂಚಿಗೆ ಕೂತು, ಸ್ವಲ್ಪ ಹೊತ್ತು ಆಕೆಯನ್ನೇ ನೋಡಿದಳು. ಆಮೇಲೆ ಲೋಟಕ್ಕೆ ಕೈ ಚಾಚಿದಳು.